ಹಸಿರು ದ್ರಾಕ್ಷಿಕಾಯಿಯ ಹುಳಿ ರಸ: ಯಾವಾಗ ಕೀಳಬೇಕು, ಅಡುಗೆಗೆ ಹೇಗೆ ಹಾಕಬೇಕು?

ಮಳೆಗಾಲದ ದ್ರಾಕ್ಷಿ ಬೆಳೆ ಹಣ್ಣಾಗುವ ಹೊತ್ತಿಗೆ ಒಡೆದು ಕೊಳೆಯುತ್ತದೆ, ಉಳಿದದ್ದು ಅಳಿಲಿನ ಪಾಲಾಗುತ್ತದೆ, ಹಸಿರಿರುವಾಗಲೇ ಕಿತ್ತು ವರ್ಜ್ಯೂಸ್, ಅಂದರೆ ಕಾಯಿ ದ್ರಾಕ್ಷಿ ಹಿಂಡಿದ ಹುಳಿ ರಸ, ಮಾಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ನಮ್ಮ ಹಿತ್ತಲಲ್ಲೂ ಬೆಂಗಳೂರು ನೀಲಿ ದ್ರಾಕ್ಷಿಯ ಚಪ್ಪರವಿದೆ. ಪ್ರತಿ ವರ್ಷ ಒಂದಷ್ಟು ಗೊಂಚಲನ್ನು ಇದಕ್ಕೆಂದೇ ಕೀಳುತ್ತೇನೆ.

ಕಲಿಸಿದ್ದು ಮೈಸೂರಿನ ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಇರಾನಿ ವಿದ್ಯಾರ್ಥಿನಿ. ಅವರ ಊರಲ್ಲಿ ಕಾಯಿ ದ್ರಾಕ್ಷಿಗೆ ಘೂರೆ ಅನ್ನುತ್ತಾರೆ, ಅದರ ರಸಕ್ಕೆ ಆಬ್‌ಘೂರೆ. ನಮಗೆ ಹುಣಸೆಹಣ್ಣು ಹೇಗೋ ಅವರಿಗೆ ಅದು ಹಾಗೆ. ಆ ಹೋಲಿಕೆ ಬರೀ ಮಾತಿನದಲ್ಲ: ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವೇ ದ್ರಾಕ್ಷಿಯಲ್ಲೂ ಇದೆ, ಜೊತೆಗೆ ಸೇಬಿನ ಹುಳಿಯಾದ ಮ್ಯಾಲಿಕ್ ಆಮ್ಲ. ವಿನಿಗರ್‌ನಂತೆ ಮೂಗಿಗೆ ಬಡಿಯುವ ಘಾಟು ಇದಕ್ಕಿಲ್ಲ.

ಕೀಳುವ ಸಮಯ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಕಾಯಿ ತುಂಬಿರಬೇಕು, ಆದರೆ ಬೆರಳಲ್ಲಿ ಒತ್ತಿದರೆ ಹಸಿ ಬಟಾಣಿಯ ಹಾಗೆ ಗಟ್ಟಿ ಇರಬೇಕು. ಗೊಂಚಲಿನ ಒಂದೆರಡು ಕಾಯಿ ಮೆತ್ತಗಾಗಿ ನೀಲಿ ತಿರುಗಿದವೋ, ಅಲ್ಲಿಂದ ಹುಳಿ ಇಳಿಯುತ್ತದೆ, ಸಕ್ಕರೆ ಏರುತ್ತದೆ. ನಾನು ದಿನಾ ಬೆಳಿಗ್ಗೆ ಬಿಸಿಲು ಬೀಳುವ ಕಡೆಯ ಗೊಂಚಲನ್ನೇ ಮುಟ್ಟಿ ನೋಡುತ್ತೇನೆ, ಬಣ್ಣ ಮೊದಲು ತಿರುಗುವುದು ಅಲ್ಲೇ.

ಔಷಧಿ ಹೊಡೆದ ಬಳ್ಳಿಯಾದರೆ ಈ ಆಸೆ ಬಿಡಿ. ಹಣ್ಣು ಕೊಯ್ಯುವ ಹೊತ್ತಿಗೆ ಔಷಧಿಯ ಅಂಶ ಇಳಿದಿರಲಿ ಎಂದು ಲೆಕ್ಕ ಹಾಕಿ ಹೊಡೆದಿರುತ್ತಾರೆ, ನಾವು ಕೀಳುವುದು ಅದಕ್ಕಿಂತ ವಾರಗಳ ಮುಂಚೆ. ತೋಟದವರು ಗೊಂಚಲು ತೆಳುಮಾಡಿ ಬಿಸಾಡಿದ ಕಾಯಿಯನ್ನೂ ಇದೇ ಕಾರಣಕ್ಕೆ ತರಬೇಡಿ.

ತೊಟ್ಟು ಬಿಡಿಸಿ, ತೊಳೆದು, ನೀರು ಆರಿಸಿ. ಮೊದಲ ಸಲ ನಾನು ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿಬಿಟ್ಟೆ. ಬೀಜ ಒಡೆದು ರಸವೆಲ್ಲ ಕಹಿ, ನಾಲಿಗೆ ಮರಗಟ್ಟುವಷ್ಟು ಒಗರು. ಈಗ ಕಲ್ಲಿನ ಒರಳಲ್ಲಿ ಹಾಕಿ ಕಾಯಿ ಒಡೆಯುವಷ್ಟೇ ಕುಟ್ಟುತ್ತೇನೆ. ಒರಳಿಲ್ಲದಿದ್ದರೆ ಮಿಕ್ಸಿಯನ್ನು ಎರಡು ಸಲ ಗುರ್ರೆನಿಸಿ ನಿಲ್ಲಿಸಿ. ಹಳೇ ಪಂಚೆ ಬಟ್ಟೆಯಲ್ಲಿ ಹಿಂಡಿದರೆ ಕಿಲೋಗೆ ಅರ್ಧ ಲೀಟರಿನ ಆಸುಪಾಸು ರಸ ಬರುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆ ಬೇಡ; ಸ್ಟೀಲು ಅಥವಾ ಗಾಜು ಸರಿ. ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆಗೆ ಗಸಿ ಕೆಳಗೆ ಕೂತು ಮೇಲೆ ತಿಳಿ ನಿಲ್ಲುತ್ತದೆ, ಅದನ್ನು ಬಗ್ಗಿಸಿಕೊಳ್ಳಿ.

ಹೊರಗಿಟ್ಟರೆ ಒಂದೆರಡು ದಿನದಲ್ಲೇ ಹುದುಗೆದ್ದು ನೊರೆ ಕಟ್ಟುತ್ತದೆ. ಆ ಇರಾನಿ ಹುಡುಗಿ ಸ್ವಲ್ಪ ಉಪ್ಪು ಹಾಕಿ ಕುದಿಸಿ, ನೊರೆ ತೆಗೆದು ಬಾಟಲಿಗೆ ತುಂಬುತ್ತಿದ್ದಳು. ಕುದಿಸಿದರೆ ಬಣ್ಣ ಕಂದುತ್ತದೆ, ಹಸಿ ಪರಿಮಳವೂ ಹೋಗುತ್ತದೆ. ಹಾಗಾಗಿ ನಾನು ಐಸ್ ಟ್ರೇಗೆ ಹುಯ್ದು ಫ್ರೀಜರಿನಲ್ಲಿಡುತ್ತೇನೆ, ಬೇಕಾದಾಗ ಒಂದೊಂದೇ ಗಡ್ಡೆ. ಫ್ರಿಜ್ಜಿನ ಬಾಟಲಿಯ ತಳದಲ್ಲಿ ಪುಡಿ ಗಾಜಿನಂಥ ಹರಳು ಕಂಡರೆ ಗಾಬರಿಯಾಗಬೇಡಿ. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲವೇ ಪೊಟ್ಯಾಸಿಯಂ ಜೊತೆ ಸೇರಿ ತಣ್ಣಗಾದಾಗ ಹಾಗೆ ಹರಳುಗಟ್ಟುತ್ತದೆ.

ಅಡುಗೆಗೆ ಬಂದರೆ, ನಿಂಬೆಗಿಂತ ಹುಳಿ ಕಡಿಮೆ. ಒಂದು ಚಮಚ ನಿಂಬೆರಸದ ಜಾಗಕ್ಕೆ ಎರಡರಿಂದ ಮೂರು ಚಮಚ ಬೇಕು. ಹೆಸರುಬೇಳೆ ಕೋಸಂಬರಿಗೆ ಇದರಷ್ಟು ಒಪ್ಪುವ ಹುಳಿ ನಾನು ಬೇರೆ ಕಂಡಿಲ್ಲ; ಸೌತೆಕಾಯಿಯ ತಂಪನ್ನು ಇದು ನಿಂಬೆಯಂತೆ ಮುಚ್ಚಿಹಾಕುವುದಿಲ್ಲ. ಇರಾನಿನವರ ಶಿರಾಜಿ ಸಲಾಡಿಗೂ ಇದೇ: ಸೌತೆ, ಟೊಮೆಟೊ, ಈರುಳ್ಳಿ ಸಣ್ಣಗೆ ಹೆಚ್ಚಿ, ಒಣ ಪುದೀನ ಉಜ್ಜಿ, ಮೇಲೆ ಆಬ್‌ಘೂರೆ. ಬದನೆಕಾಯಿ ಪಲ್ಯಕ್ಕೆ ಒಲೆ ಆರಿಸುವ ಮುಂಚೆ ಎರಡು ಚಮಚ ಹಾಕಿ ನೋಡಿ. ಇರಾನಿನವರು ಬದನೆಯ ಗಟ್ಟಿ ಸಾರಿಗೆ ದ್ರಾಕ್ಷಿಕಾಯಿಗಳನ್ನು ಇಡಿಯಾಗಿಯೇ ಹಾಕಿ ಬೇಯಿಸುತ್ತಾರೆ. ತಿಳಿಸಾರಿಗೂ ಆಗುತ್ತದೆ. ಬಿಸಿಬೇಳೆಬಾತು, ಪುಳಿಯೋಗರೆಗೆ ಮಾತ್ರ ಬೇಡ, ಅಲ್ಲಿ ಹುಣಸೆಯ ಮಂದ ಬೇಕೇ ಬೇಕು.

ಮೊದಲ ಸಲ ನಾಲ್ಕೈದು ಗೊಂಚಲು ಮಾತ್ರ ಕೀಳಿ. ಹಿಂಡಿದ ದಿನವೇ ಒಂದು ಕೋಸಂಬರಿ ಮಾಡಿ ರುಚಿ ನೋಡಿ, ಉಳಿದ ಗೊಂಚಲು ಅಷ್ಟರೊಳಗೆ ಬಣ್ಣ ತಿರುಗುವುದಿಲ್ಲ.