ಇಪ್ಪತ್ತು ಗಾದೆ ಬೇಡ, ಒಂದು ಸಾಕು

ನಮಸ್ಕಾರ,

‘ಇಂಗ್ಲಿಷ್ ಗಾದೆಗಳು: ಅರ್ಥ ಮತ್ತು ಹುಟ್ಟು’ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತಕರಾರು. ಇಪ್ಪತ್ತು ಗಾದೆ, ಒಂದೊಂದಕ್ಕೆ ಮೂರೇ ಸಾಲು. ಐದನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಕಥೆ ಚೆನ್ನಾಗಿದೆ ಅಂತ ನೀವು ಸುಮ್ನೆ ನಂಬಿಬಿಟ್ಟಿದ್ದೀರಿ. ‘ಸ್ನಾನದ ನೀರಿನ ಜೊತೆ ಮಗುವನ್ನೂ ಚೆಲ್ಲಬೇಡ’ ಗಾದೆಯನ್ನೇ ನೋಡಿ. ಹಳೇ ಇಂಗ್ಲೆಂಡಿನಲ್ಲಿ ಮನೆಮಂದಿಯೆಲ್ಲ ಒಂದೇ ತೊಟ್ಟಿ ನೀರಿನಲ್ಲಿ ಮೀಯುತ್ತಿದ್ದರು, ಮಗುವಿನ ಸರದಿ ಕೊನೆಗೆ, ಆ ಕೊಳೆನೀರಿನಲ್ಲಿ ಮಗುವೇ ಕಾಣುತ್ತಿರಲಿಲ್ಲ ಎಂದು ಬರೆದಿದ್ದೀರಿ. ಇದು 1999ರಲ್ಲಿ ಇಮೇಲಿನಲ್ಲಿ ಓಡಾಡಿದ ಕಟ್ಟುಕಥೆ. ಗಾದೆ ಬಂದದ್ದು ಜರ್ಮನ್ ಭಾಷೆಯಿಂದ. ಥಾಮಸ್ ಮುರ್ನರ್ ಎಂಬ ಸನ್ಯಾಸಿ 1512ರ ತನ್ನ ವಿಡಂಬನೆಯಲ್ಲಿ ಇದನ್ನು ಬಳಸಿದ್ದಾನೆ. ಜೊತೆಗೆ ಚಿತ್ರವೂ ಇದೆ. ಹೆಂಗಸೊಬ್ಬಳು ತೊಟ್ಟಿ ಬಗ್ಗಿಸಿ ನೀರು ಚೆಲ್ಲುತ್ತಿದ್ದಾಳೆ, ನೀರಿನೊಂದಿಗೆ ಮಗುವೂ ಜಾರುತ್ತಿದೆ. ಬ್ರಿಟಿಷ್ ಲೇಖಕ ಥಾಮಸ್ ಕಾರ್ಲೈಲ್ ಅದನ್ನು ಇಂಗ್ಲಿಷಿನಲ್ಲಿ ಬಳಸಿದ್ದು 1849ರಲ್ಲಿ. ನಿಜವಾದ ಕಥೆಯೇ ಜಾಸ್ತಿ ಚೆನ್ನಾಗಿದೆ, ಅಲ್ವಾ?

‘ಪುಡಿಂಗಿನ ಪುರಾವೆ ತಿನ್ನುವುದರಲ್ಲಿದೆ’ ಎಂಬ ಅನುವಾದವೂ ತಪ್ಪು. ಅಲ್ಲಿ ‘ಪ್ರೂಫ್’ ಅಂದರೆ ಪರೀಕ್ಷೆ. ಪುಡಿಂಗ್ ಅಂದರೂ ಈಗಿನ ಸಿಹಿ ತಿಂಡಿ ಅಲ್ಲ. ಕರುಳಿನೊಳಗೆ ಮಾಂಸ ತುಂಬಿ ಬೇಯಿಸಿದ ಅಡುಗೆಗೂ ಆಗ ಅದೇ ಹೆಸರಿತ್ತು. ಒಳಗೆ ಏನು ತುಂಬಿದ್ದಾರೆ ಅನ್ನೋದು ಬಾಯಿಗಿಟ್ಟ ಮೇಲೇ ಗೊತ್ತು.

ಈಗ ನನ್ನನ್ನು ನಿಲ್ಲಿಸಿದ ಸಾಲು. ‘ಉಡುಗೊರೆ ಬಂದ ಕುದುರೆಯ ಬಾಯಿ ನೋಡಬೇಡ’ ಗಾದೆಯ ಕೆಳಗೆ, ನಿಮ್ಮ ಅಜ್ಜ ದನದ ಜಾತ್ರೆಯಲ್ಲಿ ಹೋರಿಯ ಕೆಳತುಟಿ ಜಗ್ಗಿ ‘ಎರಡು ಹಲ್ಲು’ ಅಂದರು ಎಂದು ಬರೆದಿದ್ದೀರಿ. ಅಷ್ಟಕ್ಕೇ ಬಿಟ್ಟುಬಿಟ್ಟಿದ್ದೀರಿ! ಇಡೀ ಗಾದೆ ಇರುವುದೇ ಅಲ್ಲಿ. ಎರಡು ಹಾಲುಹಲ್ಲು ಬಿದ್ದು ಗಟ್ಟಿ ಹಲ್ಲು ಬಂದರೆ ಹೋರಿಗೆ ಸುಮಾರು ಎರಡು ವರ್ಷ. ಕುದುರೆಗೂ ಹಾಗೇ, ಹಲ್ಲೇ ಜಾತಕ. ವಯಸ್ಸಾದಂತೆ ಮುಂದಿನ ಹಲ್ಲುಗಳು ಉದ್ದವಾಗಿ ಮುಂದಕ್ಕೆ ಬಾಗಿ ಕಾಣುತ್ತವೆ. ಬಾಯಿ ತೆಗೆಸಿ ನೋಡುವುದೆಂದರೆ ಬೆಲೆ ಕಟ್ಟುವುದು. ಕೊಟ್ಟವರ ಎದುರಿಗೇ ಉಡುಗೊರೆಗೆ ಬೆಲೆ ಕಟ್ಟಿದರೆ ಅವರಿಗೆ ಹೇಗಾಗಬೇಡ! ದಾನ ಬಂದ ಹಸುವಿನ ಹಲ್ಲು ಎಣಿಸಬಾರದು ಅಂತ ನಮ್ಮಲ್ಲೂ ಹೇಳುವುದು ಅದಕ್ಕೇ.

ಕುದುರೆಯ ಗಾದೆಯನ್ನು ‘1546ರಲ್ಲಿ ಜಾನ್ ಹೇವುಡ್ ರಚಿಸಿದ ಗಾದೆ’ ಎಂದಿದ್ದೀರಿ. ಇಂಗ್ಲಿಷ್ ಲೇಖಕ ಹೇವುಡ್ ಅದನ್ನು ರಚಿಸಲಿಲ್ಲ. ಜನರ ಬಾಯಲ್ಲಿದ್ದ ಮಾತುಗಳನ್ನು ಪುಸ್ತಕಕ್ಕೆ ಸೇರಿಸಿದ, ಅಷ್ಟೇ. ಅವನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದೆ ಸಂತ ಜೆರೋಮ್ ಲ್ಯಾಟಿನ್‌ನಲ್ಲಿ ಇದೇ ಮಾತು ಬರೆದು, ಇದು ಜನ ಆಡುವ ಗಾದೆ ಎಂದಿದ್ದಾನೆ. ಅಂದರೆ ಆಗಲೇ ಹಳೆಯದು. ‘ಮೊದಲು ಬರಹದಲ್ಲಿ ಸಿಕ್ಕಿದ್ದು’ ಎಂದು ಬರೆಯಿರಿ, ‘ಹುಟ್ಟಿದ್ದು’ ಎನ್ನಬೇಡಿ.

ಉಳಿದ ಹತ್ತೊಂಬತ್ತನ್ನು ಬಿಡಿ. ಅಜ್ಜನಿಂದಲೇ ಶುರು ಮಾಡಿ, ಜೆರೋಮ್, ಹೇವುಡ್ ಆಮೇಲೆ ಬರಲಿ. ಎಂಟುನೂರು ಪದ ಸಾಕು. ಅಜ್ಜನನ್ನು ಕೇಳಲು ಸಾಧ್ಯವಿದ್ದರೆ ಇನ್ನೊಂದು ವಿಷಯ ಕೇಳಿ ಬರೆಯಿರಿ: ಹಲ್ಲು ನೋಡಿದ ಮೇಲೆ ಆ ಹೋರಿಯನ್ನು ಕೊಂಡರಾ, ಬಿಟ್ಟರಾ?