ಬಗ್ಗಿಸಿದರೆ ಬಿರುಕು ಬಿಡುವ ಮೆಗ್ನೀಸಿಯಂ ಅಷ್ಟುದ್ದ ಹಿಗ್ಗುವುದು ಹೇಗೆ?

ಪ್ರಶ್ನೆ: ನಾನು ಕಾರವಾರದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ವರ್ಕ್‌ಶಾಪಿನಲ್ಲಿ ಮೆಗ್ನೀಸಿಯಂ ಅಲಾಯ್ ಶೀಟ್ ಬಗ್ಗಿಸಲು ಹೋದಾಗ ಬಿರುಕು ಬಿಟ್ಟಿತು. ಗ್ರೇನ್ ಸಣ್ಣದಾದರೆ ಲೋಹ ಗಟ್ಟಿಯಾಗುತ್ತದೆ ಅಂತ ಪುಸ್ತಕದಲ್ಲಿದೆ. ಗ್ರೇನ್ ಸಣ್ಣದಾದರೆ ಹತ್ತಾರು ಪಟ್ಟು ಹಿಗ್ಗುತ್ತದೆ ಅಂತಲೂ ಇದೆ. ಎರಡೂ ಹೇಗೆ ಸರಿ ಸರ್?

ಉತ್ತರ: ಎರಡೂ ಸರಿ. ಒಂದು ತಣ್ಣಗಿದ್ದಾಗಿನ ಮಾತು, ಇನ್ನೊಂದು ಬಿಸಿಯಾದಾಗಿನದು.

ಲೋಹ ಅಂದರೆ ಸಣ್ಣ ಸಣ್ಣ ಹರಳುಗಳ ಗುಂಪು, ಅದೇ ಗ್ರೇನ್. ಲೋಹ ಬಗ್ಗಬೇಕಾದರೆ ಹರಳಿನೊಳಗಿನ ಪರಮಾಣು ಪದರಗಳು ಒಂದರ ಮೇಲೊಂದು ಜಾರಬೇಕು. ಮೆಗ್ನೀಸಿಯಂ ಹರಳು ಷಟ್ಕೋನದ್ದು. ತಣ್ಣಗಿದ್ದಾಗ ಅದರಲ್ಲಿ ಸಲೀಸಾಗಿ ಜಾರುವುದು ಒಂದೇ ಬಗೆಯ ಪದರ, ಮಿಕ್ಕವು ಹಟ ಹಿಡಿದು ಕೂತಿರುತ್ತವೆ. ನಿಮ್ಮ ಶೀಟ್ ಬಿರುಕು ಬಿಟ್ಟಿದ್ದು ಅದಕ್ಕೇ. ಸುಮಾರು 225 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಬಗ್ಗಿಸಿ ನೋಡಿ, ಎಷ್ಟೋ ಚೆನ್ನಾಗಿ ಬಗ್ಗುತ್ತದೆ.

ಈಗ ಗ್ರೇನ್ ವಿಷಯ. ತಣ್ಣಗಿದ್ದಾಗ ಎರಡು ಹರಳುಗಳ ನಡುವಿನ ಗಡಿ ಈ ಜಾರಾಟವನ್ನು ತಡೆಯುತ್ತದೆ. ಹರಳು ಸಣ್ಣದಾದಷ್ಟೂ ಗಡಿ ಜಾಸ್ತಿ, ಲೋಹ ಗಟ್ಟಿ. 1951ರಲ್ಲಿ ಹಾಲ್, 1953ರಲ್ಲಿ ಪೆಚ್ ಎಂಬ ವಿಜ್ಞಾನಿಗಳು ತೋರಿಸಿದ್ದು ಇದನ್ನೇ. ಬಿಸಿ ಏರಿದಾಗ ಆಟವೇ ಬದಲು! ಆಗ ಗಡಿಗಳೇ ಜಾರಲು ಶುರು. ಶಿರಸಿ ಮಾರುಕಟ್ಟೆಯಲ್ಲಿ ಅಡಿಕೆ ಚೀಲವನ್ನು ಒತ್ತಿದರೆ ಚೀಲದ ಆಕಾರ ಬದಲಾಗುತ್ತದೆ, ಆದರೆ ಒಳಗಿನ ಅಡಿಕೆ ಉದ್ದವಾಗುವುದಿಲ್ಲ, ಪಕ್ಕದ್ದರ ಜೊತೆ ಜಾಗ ಬದಲಿಸುತ್ತದೆ ಅಷ್ಟೇ, ಅಲ್ವಾ? ಇಲ್ಲೂ ಹಾಗೇ, ಎಷ್ಟು ಎಳೆದರೂ ಹರಳು ಹೆಚ್ಚುಕಡಿಮೆ ದುಂಡಗೇ ಉಳಿಯುತ್ತದೆ. ನಡುವೆ ಸಂದು ಬೀಳದಂತೆ ಪರಮಾಣುಗಳು ಸರಿದು ಬಂದು ತುಂಬುತ್ತವೆ, ಹರಳು ಸಣ್ಣದಿದ್ದರೆ ಅವು ಸರಿಯಬೇಕಾದ ದೂರವೂ ಕಡಿಮೆ. ಇದೇ ಸೂಪರ್‌ಪ್ಲಾಸ್ಟಿಸಿಟಿ. ಸಾಮಾನ್ಯವಾಗಿ ಹರಳು 10 ಮೈಕ್ರಾನ್‌ಗಿಂತ, ಅಂದರೆ ಒಂದು ಮಿ.ಮೀ.ಯ ನೂರನೇ ಒಂದು ಭಾಗಕ್ಕಿಂತ, ಸಣ್ಣದಿರಬೇಕು.

ಅಷ್ಟು ಸಣ್ಣ ಮಾಡುವುದು ಹೇಗೆ? ಒಂದು ದಾರಿ ಇಕ್ಯಾಪ್ (ಈಕ್ವಲ್ ಚಾನಲ್ ಆಂಗ್ಯುಲರ್ ಪ್ರೆಸಿಂಗ್). ಗಟ್ಟಿ ಉಕ್ಕಿನ ಡೈ (ಅಚ್ಚು) ಒಳಗೆ ‘ಎಲ್’ ಆಕಾರದ ತೂತು, ಬಿಸಿ ಸರಳನ್ನು ಅದರಲ್ಲಿ ಒತ್ತಿ ದೂಡುತ್ತಾರೆ. ತಿರುವಿನಲ್ಲಿ ಲೋಹ ಕತ್ತರಿಸಿದಂತೆ ಪಕ್ಕಕ್ಕೆ ಸರಿಯುತ್ತದೆ, ಅದರಿಂದ ಹರಳು ಸಣ್ಣದಾಗುತ್ತದೆ. ಹೊರಬಂದ ಸರಳಿನ ದಪ್ಪ ಮೊದಲಿನಷ್ಟೇ, ಹಾಗಾಗಿ ಮತ್ತೆ ಮತ್ತೆ ತೂರಿಸಬಹುದು. ನನಗೆ ತುಂಬಾ ಇಷ್ಟವಾದ ಉಪಾಯ ಇದು. ಹೀಗೆ ತಯಾರಾದ ಝಡ್‌ಕೆ60, ಅಂದರೆ ಸತು ಮತ್ತು ಜಿರ್ಕೋನಿಯಂ ಬೆರೆಸಿದ ಮೆಗ್ನೀಸಿಯಂ, 200 ಡಿಗ್ರಿಯಲ್ಲಿ ಶೇ. 3050ರಷ್ಟು ಹಿಗ್ಗಿತು ಅಂತ ಫಿಗುಯೆರೆಡೊ ಮತ್ತು ಲ್ಯಾಂಗ್ಡನ್ ಎಂಬ ಸಂಶೋಧಕರು 2008ರಲ್ಲಿ ವರದಿ ಮಾಡಿದರು. 1 ಸೆಂ.ಮೀ. ತುಂಡು 31 ಸೆಂ.ಮೀ. ದಾಟಿದ ಹಾಗೆ! ಆದರೆ ಎಳೆದ ವೇಗ ಎಷ್ಟು ನಿಧಾನ ಅಂದರೆ, ಲೆಕ್ಕ ಹಾಕಿದರೆ ಮೂರು ದಿನಕ್ಕೂ ಜಾಸ್ತಿ ಬೇಕು. ಕಾರ್ಖಾನೆಯಲ್ಲಿ ಅಷ್ಟು ಕಾಯಲು ಯಾರಿಗೂ ಆಗದು. ಹರಳನ್ನು ಇನ್ನೂ ಸಣ್ಣ ಮಾಡಿದರೆ ವೇಗವಾಗಿ ಎಳೆಯಬಹುದು, ಆದರೆ ಜಾಸ್ತಿ ಕಾಯಿಸಿದರೆ ಹರಳು ಮತ್ತೆ ಬೆಳೆದುಬಿಡುತ್ತದೆ. ನಿಜವಾದ ತಲೆನೋವು ಇರುವುದೇ ಅಲ್ಲಿ.

ಪ್ರಶ್ನೆ: ಬೈತಕೋಲದಲ್ಲಿ ನಮ್ಮದೊಂದು ಬೋಟ್ ಇದೆ. ಇಷ್ಟು ಹಗುರ ಲೋಹ ಬೋಟಿಗೆ ಯಾಕೆ ಬಳಸಬಾರದು?

ಉತ್ತರ: ಬೇಡ. ಹಗುರ ನಿಜ, ಒಂದು ಘನ ಸೆಂ.ಮೀ.ಗೆ 1.74 ಗ್ರಾಂ, ಅಲ್ಯೂಮಿನಿಯಂ 2.7. ಆದರೆ ಉಪ್ಪುನೀರಲ್ಲಿ ಉಕ್ಕಿನ ಬೋಲ್ಟ್ ತಾಗಿದರೆ ಸಾಕು, ಮೆಗ್ನೀಸಿಯಂ ಬೇಗ ತಿಂದುಹೋಗುತ್ತದೆ. ಉಕ್ಕಿನ ಬೋಟಿನ ಅಡಿಗೆ ಸತುವಿನ ಗಟ್ಟಿ ಕೂರಿಸುತ್ತಾರಲ್ಲ, ಉಕ್ಕಿನ ಬದಲು ಅದು ಸವೆಯಲಿ ಅಂತ? ಮೆಗ್ನೀಸಿಯಂ ಅದಕ್ಕಿಂತಲೂ ಬೇಗ ಸವೆಯುತ್ತದೆ. ಗ್ರೇನ್ ಸಣ್ಣ ಮಾಡಿದರೂ ಈ ಗುಣ ಹೋಗುವುದಿಲ್ಲ. ಹಗುರವೇ ಬೇಕಿದ್ದರೆ ಸಮುದ್ರದ ಕೆಲಸಕ್ಕೆ ಬಳಸುವ 5083 ಎಂಬ ಅಲ್ಯೂಮಿನಿಯಂ ಅಲಾಯ್ ವಿಚಾರಿಸಿ.