ಹಳೇ ಸೈಕಲ್ ಫ್ರೇಮ್‌ಗೆ ಮನೆಯಲ್ಲೇ ಪೇಂಟ್ ಹೊಡೆಯೋಕೆ ₹500 ಒಳಗೆ ಯಾವ ಸ್ಪ್ರೇ ಒಳ್ಳೇದು?

ಯಾವ ಸ್ಪ್ರೇನೂ ಬೇಡ. ಡಬ್ಬಿ ಎನಾಮಲ್ ಪೇಂಟ್ ತಗೊಳ್ಳಿ, ಒಂದು ಒಳ್ಳೇ ಬ್ರಷ್ ತಗೊಳ್ಳಿ.

ನಮ್ಮಪ್ಪನ ಹರ್ಕ್ಯುಲಿಸ್ ಇದೆ, ಅಡ್ಡ ರಾಡಿನ ದೊಡ್ಡ ಸೈಕಲ್. ರಾಜಾಜಿನಗರದಿಂದ ಪೀಣ್ಯದ ಫ್ಯಾಕ್ಟರಿಗೆ ಅದರಲ್ಲೇ ಹೋಗಿ ಬರ್ತಿದ್ರು. ರಿಟೈರ್ ಆದ್ಮೇಲೆ ಮೆಟ್ಟಿಲ ಕೆಳಗೆ ತುಕ್ಕು ಹಿಡಿದು ನಿಂತಿತ್ತು. 2018ರ ಜುಲೈನಲ್ಲಿ, ಅವರ ಹುಟ್ಟುಹಬ್ಬಕ್ಕೆ ಹೊಸದರ ಹಾಗೆ ಮಾಡಿ ಕೊಡೋಣ ಅಂತ ಹಾರ್ಡ್‌ವೇರ್ ಅಂಗಡಿಗಳಿರೋ ಎಸ್‌ಜೆಪಿ ರಸ್ತೆಗೆ ಹೋಗಿ ಉಪ್ಪು ಕಾಗದ, ಪೇಂಟಿಗೆ ಮೊದಲು ಬಳಿಯೋ ರೆಡ್ ಆಕ್ಸೈಡ್ ಪ್ರೈಮರ್, ಎರಡು ಕಪ್ಪು ಸ್ಪ್ರೇ ಕ್ಯಾನ್ ತಂದೆ. ಎರಡು ದಿನ ಉಜ್ಜಿದೆ. ಸಂಜೆ ರೆಡ್ ಆಕ್ಸೈಡ್ ಬಳಿದೆ, ದಪ್ಪಗೆ. ಬೆಳಿಗ್ಗೆ ಮುಟ್ಟಿ ನೋಡಿದರೆ ಬೆರಳಿಗೆ ಅಂಟಲಿಲ್ಲ. ಒಣಗಿದೆ ಅಂದುಕೊಂಡು ಸ್ಪ್ರೇ ಹೊಡೆದೆ.

ಮೊದಲು ಕನ್ನಡಿ ಥರ ಹೊಳೀತು. ಎರಡೇ ನಿಮಿಷ. ಆಮೇಲೆ ಸೀಟಿನ ಕೆಳಗಿನ ಪೈಪಲ್ಲಿ, ಕಾದ ಹಾಲಿನ ಕೆನೆ ಮುದುಡೋ ಹಾಗೆ, ಪೇಂಟ್ ಸುಕ್ಕುಗಟ್ಟೋಕೆ ಶುರುವಾಯ್ತು. ನೋಡ್ತಾ ನೋಡ್ತಾ ಇಡೀ ಫ್ರೇಮಿಗೆ ಹರಡ್ತು. ಮುಚ್ಚಿಹೋಗುತ್ತೆ ಅಂತ ಇನ್ನೊಂದು ಕೋಟ್ ಹೊಡೆದೆ, ಸುಕ್ಕು ಇನ್ನೂ ಆಳವಾಯ್ತು.

ಇದು ಯಾಕಾಯ್ತು ಅನ್ನೋದು ನಿಮಗೆ ಪೂರ್ತಿ ಗೊತ್ತಿರಬೇಕು. ರೆಡ್ ಆಕ್ಸೈಡ್, ಸಿಂಥೆಟಿಕ್ ಎನಾಮಲ್ ಎರಡೂ ಎಣ್ಣೆ ಜಾತಿ. ಅದರ ತಿನ್ನರ್ ಕೆಲವೇ ಗಂಟೆಯಲ್ಲಿ ಹಾರಿಹೋಗುತ್ತೆ, ಮೇಲೆ ಒಂದು ಪದರ ಕಟ್ಟುತ್ತೆ. ಆದರೆ ಪೇಂಟ್ ಗಟ್ಟಿಯಾಗೋದು ಗಾಳಿಯ ಆಮ್ಲಜನಕ ಹೀರಿಕೊಂಡು, ಅದಕ್ಕೆ ದಿನಗಟ್ಟಲೆ ಬೇಕು. ದಪ್ಪ ಬಳಿದರೆ, ಜೊತೆಗೆ ಬೆಂಗಳೂರಿನ ಜುಲೈ ಜಡಿಮಳೆ ಹಿಡಿದರೆ ಇನ್ನೂ ತಡ. ಬೆರಳಿಗೆ ಸಿಗೋದು ಆ ಮೇಲಿನ ಪದರ ಮಾತ್ರ, ಒಳಗಡೆ ಇನ್ನೂ ಹಸಿ. ಬೇಗ ಒಣಗೋ ಸ್ಪ್ರೇಯಲ್ಲಿ ಇರೋದು ತೀಕ್ಷ್ಣವಾದ ತಿನ್ನರ್, ಅದು ಆ ಪದರದೊಳಗೆ ಇಳಿದು ಹಸಿ ಪೇಂಟನ್ನ ಉಬ್ಬಿಸುತ್ತೆ. ಉಬ್ಬಿದ್ದಕ್ಕೆ ಜಾಗ ಸಾಲಲ್ಲ, ಅದಕ್ಕೇ ಸುಕ್ಕಾಗುತ್ತೆ. ತಪ್ಪು ಸ್ಪ್ರೇ ಕಂಪನಿದಲ್ಲ, ಪ್ರೈಮರ್‌ದೂ ಅಲ್ಲ. ಎರಡು ಜಾತಿ ಸೇರಿಸಿ, ಕಾಯದೇ ಇದ್ದದ್ದು ನನ್ನ ತಪ್ಪು.

ತಿನ್ನರ್ ಹಾಕಿ ಕೆರೆಯೋಕೆ ಮೂರು ಸಂಜೆ ಹಿಡೀತು. ಹುಟ್ಟುಹಬ್ಬ ಅಷ್ಟೊತ್ತಿಗೆ ಮುಗಿದಿತ್ತು, ಆ ಬೇಜಾರು ಇವತ್ತಿಗೂ ಇದೆ.

ಎರಡನೇ ಸಲ ರೆಡ್ ಆಕ್ಸೈಡ್ ತೆಳ್ಳಗೆ ಬಳಿದು ಐದು ದಿನ ಬಿಟ್ಟೆ. 400 ನಂಬರ್ ಉಪ್ಪು ಕಾಗದದಲ್ಲಿ ಹಗುರವಾಗಿ ಉಜ್ಜಿ, ಒರೆಸಿ, ಬ್ರಷ್‌ನಲ್ಲಿ ಕಪ್ಪು ಎನಾಮಲ್ ಎರಡು ಕೋಟ್ ಕೊಟ್ಟೆ, ನಡುವೆ ಎರಡು ದಿನ ಬಿಟ್ಟು. ನಟ್ಟು ಬೋಲ್ಟು ಹಾಕಿದ್ದು ಇನ್ನೂ ಹತ್ತು ದಿನ ಆದ್ಮೇಲೆ. ಬೇಗ ಬಿಗಿದರೆ ವಾಷರ್ ಪೇಂಟನ್ನ ಕಚ್ಚಿಕೊಂಡು ಕಿತ್ತುಬರುತ್ತೆ. ಹತ್ತಿರ ಹೋದರೆ ಬ್ರಷ್ ಗೆರೆ ಕಾಣುತ್ತೆ, ಆದರೆ ಇಲ್ಲಿವರೆಗೆ ಒಂದು ಚೂರೂ ಎದ್ದಿಲ್ಲ. ಸಣ್ಣ ಡಬ್ಬಿಗಳು ತಂದರೆ ನಿಮ್ಮ ₹500 ಇದಕ್ಕೆ ಹತ್ತಿರಹತ್ತಿರ ಸಾಕು.

ಹಳೇ ಪೇಂಟನ್ನ ನೀರು ಹಾಕದೆ ಒಣದಾಗಿ ಉಜ್ಜಬೇಡಿ. ಅದರಲ್ಲಿ ವಿಷವಾದ ಸೀಸ (ಲೆಡ್) ಇರಬಹುದು, ಧೂಳಿನ ಜೊತೆ ಒಳಗೆ ಹೋಗುತ್ತೆ. ಮನೆಗೆ ಬಳಸೋ ಪೇಂಟಿಗೇ ಸೀಸದ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ನೀರು ಹಾಕಿ ಉಜ್ಜಿ, ತಕ್ಷಣ ಒರೆಸಿ ಒಣಗಿಸಿ. ಪೆಡಲ್ ಅಚ್ಚು ಕೂರೋ ತೂತಿನ ಒಳಗಿನ ಥ್ರೆಡ್‌ಗೆ ಪೇಂಟ್ ಹೋಗದ ಹಾಗೆ ಬಟ್ಟೆ ತುರುಕಿ. ಫ್ರೇಮಲ್ಲಿ ಕೆತ್ತಿರೋ ನಂಬರ್ ಮೇಲೆ ದಪ್ಪಗೆ ಬಳಿಯಬೇಡಿ, ಸೈಕಲ್ ಕಳುವಾದರೆ ಕಂಪ್ಲೇಂಟ್ ಕೊಡೋಕೆ ಅದೇ ಬೇಕು.

ನಿಮ್ಮದು ಅಲ್ಯೂಮಿನಿಯಂ ಫ್ರೇಮ್ ಆಗಿದ್ದರೆ ಇದ್ಯಾವುದೂ ಬೇಡ. ಅದಕ್ಕೆ ರೆಡ್ ಆಕ್ಸೈಡ್ ಹಿಡಿಯಲ್ಲ. ಗೀರು ಬಿದ್ದ ಕಡೆ ಟಚ್‌ಅಪ್ ಮಾಡಿ ಓಡಿಸಿ.

ಸೈಕಲ್ ಜೋಡಿಸಿದ ದಿನ ಅಪ್ಪ ಸ್ಟೂಲ್ ಹಾಕಿಕೊಂಡು ಕೂತು, ಅಡ್ಡ ರಾಡಿನ ಕೆಳಗಡೆ ಉಗುರಲ್ಲಿ ಒತ್ತಿ ನೋಡಿದರು. "ಈಗ ಗಟ್ಟಿಯಾಗಿದೆ ಕಣೋ" ಅಂದರು.